ಊರಿಗೆಲ್ಲ ಒಬ್ಬನೇ ಜಾಮೀನು

ಎದುರುಮನೆಯವರು ಮಿರ್ಚಿ ಕರಿಯುತ್ತಿದ್ದಾರೆ. ಕಡಲೆಹಿಟ್ಟು ಕಾದ ಎಣ್ಣೆಗೆ ಬಿದ್ದ ವಾಸನೆ ಬಂದರೆ ನಿಮಗೆ ಹಸಿವಾಗಬಹುದು. ನನಗೆ ತಪಾಸಣೆ ನೆನಪಾಗುತ್ತದೆ. ನಗಬೇಡಿ. ನಮ್ಮೂರ ಪತ್ತಿನ ಸಹಕಾರಿ ಸಂಘದಲ್ಲಿ ನಾನೂ ಒಬ್ಬ ನಿರ್ದೇಶಕಿ. ಹೆಂಗಸರಿಗೆಂದು ಮೀಸಲಿಟ್ಟ ಕುರ್ಚಿ ಖಾಲಿ ಉಳಿಯಬಾರದೆಂದು ನನ್ನನ್ನು ಹಿಡಿದು ತಂದು ಕೂರಿಸಿದರು. ನಾಲ್ಕನೆಯ ಇಯತ್ತೆ ಓದಿದವಳು, ಬಾಯಿ ಮುಚ್ಚಿಕೊಂಡು ಕೂತಿರುತ್ತಾಳೆ ಎಂದು ಅವರ ಅಂದಾಜು. ಓದು ಕಡಿಮೆ ಎಂಬುದು ಖರೆ. ಬಾಯಿಯ ಬಗ್ಗೆ ಅವರು ಯಾರನ್ನೂ ವಿಚಾರಿಸಿರಲಿಲ್ಲ.

ಮೊದಲೆಲ್ಲ ತಪಾಸಣೆ ಎಂದರೆ ಒಂದು ದಿನದ ಕೆಲಸ. ಮೇಲಿನ ಬ್ಯಾಂಕಿನಿಂದ ಒಬ್ಬ ಸಾಹೇಬರು ಬರುವರು. ಸುತ್ತಲಿನ ಎಲ್ಲ ಸಂಘಗಳಿಗೂ ಒಂದೊಂದು ದಿನ. ದೊಡ್ಡದು ಸಣ್ಣದು, ಗಟ್ಟಿ ಪೊಳ್ಳು ಎಂಬ ಭೇದವಿಲ್ಲ. ತಿಜೋರಿಗೆ ಕೀಲಿ ಇದೆಯೇ, ಸಭೆಯ ಠರಾವಿಗೆ ಎಲ್ಲರ ಸಹಿ ಬಿದ್ದಿದೆಯೇ ಎಂದು ನೋಡಿ, ಜಮಖಾನೆಯ ಮೇಲೆ ಕೂತು ಗಿರ್ಮಿಟ್ಟು ಮಿರ್ಚಿ ತಿಂದು, ಸಂಜೆ ನವಲಗುಂದದ ಬಸ್ಸು ಹತ್ತುವರು. ಒಂದು ವರ್ಷ ಬಂದ ಸಾಹೇಬರಂತೂ ಬೆಂಕಿ ಆರಿಸುವ ಬಕೆಟ್ಟಿನಲ್ಲಿ ಮರಳಿಲ್ಲವೆಂದು ಅರ್ಧ ದಿನ ಕೂಗಾಡಿದರು. ನಮ್ಮದು ಎರಿಮಣ್ಣಿನ, ಅಂದರೆ ಕಪ್ಪು ಜಿಗುಟು ಮಣ್ಣಿನ ಸೀಮೆ. ಮರಳನ್ನು ಎಲ್ಲಿಂದ ತರೋಣ? ಎರಿಮಣ್ಣನ್ನೇ ತುಂಬಿಟ್ಟಿದ್ದೆವು. ಅದು ಬಕೆಟ್ಟಿನ ಆಕಾರದಲ್ಲೇ ಗಟ್ಟಿಯಾಗಿ ಬಿರಿದಿತ್ತು. ಬೆಂಕಿ ಬಿದ್ದರೆ ಎತ್ತಿ ಒಗೆಯಬೇಕೇ ಹೊರತು ಸುರಿಯಲು ಬರುತ್ತಿರಲಿಲ್ಲ.

ಆಮೇಲೆ ಒಂದು ಬೇಸಿಗೆ ಸುದ್ದಿ ಬಂತು: ಈ ಸಲ ನಿಮ್ಮಲ್ಲಿಗೆ ಒಂದು ದಿನವಲ್ಲ, ನಾಲ್ಕು ದಿನ. ನಮ್ಮ ಸೆಕ್ರೆಟರಿ ಶೇಖರನ ಎದೆ ಉಬ್ಬಿತು.

‘ಬಾಜೂ ಊರಿಗೆ ಈ ವರ್ಷ ಬರಂಗೇ ಇಲ್ಲಂತ್ರಿ. ನಮಗ ನಾಕ ದಿನಾ! ಸಂಘ ಹೆಸರು ಮಾಡೇತ್ರೀ ಆಯಿ.’

ನಾವೂ ನಂಬಿದೆವು. ಬಾಗಿಲಿಗೆ ಮಾವಿನ ತೋರಣ ಕಟ್ಟಿದೆವು. ನಿರ್ದೇಶಕರಲ್ಲಿ ಹಿರಿಯನಾದ ಚನ್ನಪ್ಪಣ್ಣ ಹೊಸ ದೋತರ ಉಟ್ಟು, ಹಣೆಗೆ ಮೂರೆಳೆ ವಿಭೂತಿ ಹಚ್ಚಿ, ಮದುವೆಗೆ ಹೊರಟವನಂತೆ ಬಂದ. ಒಂದು ಬುಟ್ಟಿ ಮಿರ್ಚಿ ಕರಿಸಿದೆವು.

ಬಂದವಳು ಸಣ್ಣ ವಯಸ್ಸಿನ ಹೆಣ್ಣುಮಗಳು, ಮೈಸೂರು ಕಡೆಯ ಮಾತು. ಶೇಖರ ಕೈಮುಗಿದು, ‘ನಾಕ ದಿನಾ ಕೊಟ್ಟೀರಿ, ಭಾಳ ಖುಷಿ ಆತ್ರಿ ಮೇಡಂ’ ಎಂದ. ಆಕೆ ತೋರಣ ನೋಡಿದಳು, ಮಿರ್ಚಿಯ ಬುಟ್ಟಿ ನೋಡಿದಳು. ನಗಬೇಕೋ ಬೇಡವೋ ಎಂದು ಯೋಚಿಸಿದಂತಿತ್ತು.

‘ಅದು ಬಹುಮಾನ ಅಲ್ಲ ಸರ್. ಈಗ ಎಲ್ಲರನ್ನೂ ಒಂದೇ ಥರ ನೋಡಲ್ಲ. ಎಲ್ಲಿ ಅಪಾಯ ಜಾಸ್ತಿ ಅನ್ಸುತ್ತೋ ಅಲ್ಲಿ ಜಾಸ್ತಿ ದಿನ ಇರ್ತೀವಿ. ದೊಡ್ಡ ಬ್ಯಾಂಕು, ವಿಮಾ ಕಂಪನಿಗಳಿಗೂ ಈಗ ಇದೇ ಪದ್ಧತಿ ಬರ್ತಾ ಇದೆ.’

ತೋರಣ ಕಟ್ಟಿದವರು ಯಾರೂ ತೋರಣದ ಕಡೆ ನೋಡಲಿಲ್ಲ. ಮಿರ್ಚಿ ಬುಟ್ಟಿಯಲ್ಲೇ ಆರಿತು.

ಈ ಪದ್ಧತಿ ನನಗೆ ತೀರ ಹೊಸದೆನಿಸಲಿಲ್ಲ. ನಾನು ಮದುವೆಯಾಗಿ ಬಂದ ಕಾಲಕ್ಕೆ ಮನೆಯ ಮುಂದೆ ಜೋಳ ತುಂಬುವ ಹಗೇವುಗಳಿದ್ದವು. ನೆಲದೊಳಗೆ ತೋಡಿದ ಕಣಜ ಎನ್ನಿ. ಮಳೆಗಾಲದಲ್ಲಿ ನಮ್ಮ ಅತ್ತೆ ಎಲ್ಲ ಹಗೇವುಗಳ ಬಾಯಿಯನ್ನೂ ಮುಟ್ಟಿ ನೋಡುತ್ತ ತಿರುಗುತ್ತಿರಲಿಲ್ಲ. ಇಳಿಜಾರಿಗೆ ಇದ್ದ ಒಂದರ ಹತ್ತಿರವೇ ಸುಳಿದಾಡುವಳು. ನೀರು ಹೊಕ್ಕರೆ ಅಲ್ಲೇ ಹೊಗುವುದು ಎಂದು ಆಕೆಗೆ ಗೊತ್ತು. ಅದನ್ನು ಕಣ್ಣಾರೆ ಕಂಡ ನಾನು, ಸಂಘದ ಕುರ್ಚಿಯ ಮೇಲೆ ಕೂತೊಡನೆ ಎಲ್ಲ ಮರೆತು, ಬಕೆಟ್ಟಿಗೆ ಮಣ್ಣು ತುಂಬಿಸುತ್ತಿದ್ದೆ. ಕುರ್ಚಿಯ ಗುಣವೇ ಹಾಗೆ ಕಾಣುತ್ತದೆ.

ಮೇಡಂ ತಿಜೋರಿಯ ಕಡೆ ಹೊರಳಿಯೂ ನೋಡಲಿಲ್ಲ. ಎಲ್ಲರನ್ನೂ ಸುತ್ತ ಕೂರಿಸಿಕೊಂಡು ಒಂದು ಪ್ರಶ್ನೆ ಹಾಕಿದಳು: ‘ಏನಾದ್ರೆ ನಿಮ್ಮ ಸಂಘದ ಬಾಗಿಲು ಮುಚ್ಚಬೇಕಾಗುತ್ತೆ?’

‘ಮಳಿ ಹೋದ್ರ ರೀ’ ಎಂದ ಒಬ್ಬ.

‘ಮಳೆ ಹೋದ್ರೆ ಎಲ್ಲಾ ಊರಿಗೂ ಹೋಗುತ್ತೆ. ನಿಮಗೆ ಮಾತ್ರ ಏನಿದೆ ಅಂಥದ್ದು?’

ನನಗೆ ಉತ್ತರ ಎದುರಿಗೇ ಕೂತಿದ್ದು ಕಾಣಿಸಿತು. ಕಂಡದ್ದನ್ನು ಹೇಳಿಬಿಟ್ಟೆ.

‘ಚನ್ನಪ್ಪಣ್ಣ ಹೋದ್ರ ರೀ.’

ಚನ್ನಪ್ಪಣ್ಣ ಎದ್ದು ನಿಂತ. ‘ನಿನ್ನ ಬಾಯಾಗ ಹುಳಾ ಬೀಳ್ಲಿ! ಜೀವಂತ ಕುಂತೇನಿ, ಎದುರಿಗೇ ನನ್ನ ಕಳಸ್ತೀಯೇನ ಬೇ?’

ನಿಮಗೆ ಇದನ್ನು ಬಿಡಿಸಿ ಹೇಳಬೇಕು. ಸಾಲ ಬೇಕಾದವನು ಒಬ್ಬ ಜಾಮೀನುದಾರನನ್ನು ತರಬೇಕು. ಸಾಲಗಾರ ತಪ್ಪಿದರೆ ಜಾಮೀನು ನಿಂತವನು ತುಂಬಬೇಕು. ನಮ್ಮಲ್ಲಿ ಅದಕ್ಕೆ ಹೆಸರಿದ್ದವರನ್ನೇ ಕೇಳುವ ರೂಢಿ. ಊರಿನಲ್ಲಿ ಹೆಸರಿದ್ದವನು ಚನ್ನಪ್ಪಣ್ಣ; ನನಗೆ ವರಸೆಯಲ್ಲಿ ಅಣ್ಣ, ಊರಿಗೆಲ್ಲ ಕಾಕಾ. ಬೀಜಕ್ಕೆ, ಎಮ್ಮೆಗೆ, ಮನೆಯ ತಗಡಿಗೆ ಸಾಲ ಬೇಕಾದವರೆಲ್ಲ ಆತ ಕೂತ ಕಟ್ಟೆಗೇ ಬಂದು ಕಾಗದ ಚಾಚುವರು. ಓದಿಯೂ ನೋಡದೆ ಸಹಿ ಹಾಕುವನು. ‘ಇಲ್ಲ’ ಎಂಬ ಮಾತು ತನ್ನ ಮನೆತನಕ್ಕೆ ಒಪ್ಪುವುದಿಲ್ಲ ಎಂದು ಆತನ ನಂಬಿಗೆ. ಆತನ ಸಹಿ ಕಂಡರೆ ನಾವು ಸಂಘದವರೂ ಸಾಲಗಾರನ ಮುಖ ನೋಡುತ್ತಿರಲಿಲ್ಲ. ಅರ್ಧ ಊರಿನ ಸಾಲದ ಹಿಂದೆ ಇದ್ದದ್ದು ಒಬ್ಬ ಮುದುಕ ಮತ್ತು ಆತನ ಒಂದು ಹೊಲ. ನಾವು ಅದನ್ನೇ ಭದ್ರ ಎಂದುಕೊಂಡಿದ್ದೆವು.

ಮೇಡಂಗೆ ಈ ಸಂಗತಿ ಊರಿಗೆ ಬರುವ ಮೊದಲೇ ಕಾಗದಪತ್ರಗಳಿಂದ ಗೊತ್ತಿತ್ತು. ನಮ್ಮ ಬಾಯಿಂದ ಬರಲಿ ಎಂದು ಕಾದಿದ್ದಳು ಅಷ್ಟೇ. ನಾಲ್ಕು ದಿನ ನಮ್ಮ ಸಂಗಡ ಕೂತು ತಿಳಿಸಿದಳು. ನಾಲ್ಕಾರು ಜನ ಒಮ್ಮೆಗೇ ತಪ್ಪಿದರೆ ಕಾಕಾನ ಹೊಲ ಹೋಗುತ್ತದೆ. ಹೊಲ ಹೋದ ಮೇಲೆ ಉಳಿದ ಸಹಿಗಳಿಗೆಲ್ಲ ಬೆಲೆಯಿಲ್ಲ. ಆಮೇಲೆ ಸಂಘದಲ್ಲಿ ಇಟ್ಟವರ ದುಡ್ಡಿಗೂ ದಿಕ್ಕಿಲ್ಲ. ಬೈಯಲಿಲ್ಲ, ಕೂಗಲಿಲ್ಲ. ಹೋಗುವಾಗ ಮಾತ್ರ ಗಟ್ಟಿಯಾಗಿ ಹೇಳಿದಳು: ಮುಂಗಾರಿ ಬಿತ್ತಿಗೆಗೆ ಮೊದಲು ಈ ಜಾಮೀನುಗಳನ್ನು ಬೇರೆ ಬೇರೆಯವರಿಗೆ ಹಂಚಬೇಕು. ಕಾಕಾ ತಾನೇ ಬಂದು, ಒಪ್ಪಿ, ಬಿಡುಗಡೆಗೆ ಸಹಿ ಮಾಡಬೇಕು. ಅಲ್ಲಿಯವರೆಗೆ ಹೊಸ ಸಾಲ ಇಲ್ಲ.

ಕಾಕಾ ಬರಲಿಲ್ಲ. ಕಟ್ಟೆಗೆ ಬರುವುದನ್ನೂ ಬಿಟ್ಟ. ಮಳೆ ಹತ್ತಿರ ಬಂತು. ಹೆಸರುಕಾಳು ಬಿತ್ತುವವರು ಬೀಜ ಗೊಬ್ಬರಕ್ಕೆ ಸಾಲವಿಲ್ಲದೆ ಸಂಘದ ಮೆಟ್ಟಿಲು ಹತ್ತಿ ಇಳಿಯತೊಡಗಿದರು. ಶೇಖರ ನನ್ನ ಮನೆಗೆ ಬಂದು ತಲೆ ಕೆರೆದುಕೊಂಡ.

‘ಆಯಿ, ಕೆಡಿಸಿದಾಕಿ ನೀನು. ನೀನ ಹೋಗಿ ಹೇಳು.’

‘ನಾ ಎಲ್ಲಿ ಕೆಡಿಸೇನಲೇ? ಕೆಟ್ಟಿದ್ದು ಹೇಳೇನಿ’ ಎಂದೆ. ಆದರೂ ಹೋದೆ.

ಚನ್ನಪ್ಪಣ್ಣ ಪಡಸಾಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದ. ಆತನ ಹೆಂಡತಿ ನೀಲವ್ವ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ನಾನು ಕೂತೆ. ಕೂರು ಎಂದು ಯಾರೂ ಹೇಳಿರಲಿಲ್ಲ.

‘ಅಣ್ಣಾ, ಬಿತ್ತಿಗಿ ಬಂತು.’

‘ಬರ್ಲಿ.’

‘ಸಂಘಕ್ಕ ಬಾ. ಸಹಿ ಮಾಡು.’

‘ಯಾತಕ್ಕ? ಚನ್ನಪ್ಪನ ಹೆಸರು ಸವದೈತಿ, ಇನ್ನ ನಡ್ಯಂಗಿಲ್ಲ ಅಂತ ಬರಕೊಡಾಕ? ಸತ್ತ ಮ್ಯಾಲೂ ಹೆಸರು ಉಳೀತೈತಿ ಅಂತ ಮಾಡಿದ್ದೆ. ನೀವು ಇದ್ದಾಗನ ಒರಸಾಕ ಹತ್ತೀರಿ.’

‘ಹೆಸರು ಎಲ್ಲಿ ಹೋಗತೈತಿ? ಹೊಲಾ ಹೋಗತೈತಿ.’

‘ನನ್ನ ಹೊಲಾ, ನನ್ನ ಖುಷಿ.’

ನಾನು ಮತ್ತೇನೋ ಹೇಳಲು ಬಾಯಿ ತೆಗೆದೆ. ಅಷ್ಟರಲ್ಲಿ ಒಳಗೆ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ನೀಲವ್ವ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಳು. ಗಂಡನ ಎದುರು ದನಿ ಎತ್ತಿದವಳಲ್ಲ, ಆಗಲೂ ಎತ್ತಲಿಲ್ಲ.

‘ಊರಾಗ ಯಾರ ಎಮ್ಮಿ ಸತ್ರೂ ನನ್ನ ಎದಿ ಡವಡವ ಅಂತೈತ್ರಿ. ಯಾರಿಗರ ಜ್ವರ ಬಂತಂದ್ರ, ನೀವು ಅವರಿಗೂ ಸಹಿ ಹಾಕೀರೇನೋ ಅಂತ ಮದ್ಲ ಅದ ನೆನಪಾಗತೈತಿ. ಮಂದಿ ಕಷ್ಟಕ್ಕ ಅಯ್ಯೋ ಅನ್ನೂದನ್ನೂ ಮರತೇನಿ. ಇಷ್ಟು ವರ್ಷ ನೀವು ಸಹಿ ಹಾಕೀರಿ, ಅಂಜಿಕಿ ನಾ ಹೊತ್ತೇನಿ.’

ಹೇಳಿ ಒಳಗೆ ಹೋದಳು. ಮತ್ತೆ ರೊಟ್ಟಿ ಬಡಿಯುವ ಸಪ್ಪಳ ಶುರುವಾಯಿತು. ಚನ್ನಪ್ಪಣ್ಣ ಗೋಡೆಯಿಂದ ಹೊರಳಿ ಅಡಿಗೆಮನೆಯ ಬಾಗಿಲನ್ನು ಬಹಳ ಹೊತ್ತು ನೋಡಿದ. ಆತ ಅಳಲಿಲ್ಲ, ನಾನೂ ಅಳಲಿಲ್ಲ. ನಮ್ಮ ಕಡೆ ಅಂಥದ್ದಕ್ಕೆಲ್ಲ ಪುರಸೊತ್ತಿಲ್ಲ. ಕಡೆಗೆ ಕೇಳಿದ:

‘ನಾ ಬಿಟ್ರ ಮತ್ಯಾರು ನಿಂದರ್ತಾರ?’

ಒಳ್ಳೆಯ ಪ್ರಶ್ನೆ. ನಾವು ಕೇಳಿದ ಗಂಡಸರು ಒಬ್ಬರ ಹಿಂದೊಬ್ಬರು ಜಾರಿಕೊಂಡಿದ್ದರು. ಒಳಗಿನಿಂದಲೇ ನೀಲವ್ವ ಅಂದಳು, ‘ತವರ್ಮನಿಯವರು ಕೊಟ್ಟ ಹೊಲಾ ನನ್ನ ಹೆಸರಿಗೆ ಐತಿ. ಒಬ್ಬರಿಗೆ ನಾ ನಿಂದರ್ತೇನಿ. ಒಬ್ಬರಿಗೇ. ಯಾರು ಅಂತ ನೋಡಿದ ಮ್ಯಾಲ.’

ನಮ್ಮೂರಲ್ಲಿ ಹೆಂಗಸರನ್ನು ಯಾರೂ ಜಾಮೀನು ಕೇಳಿದವರಲ್ಲ. ಶೇಖರ ಗಾಬರಿಯಾಗಿ ಮೇಡಂಗೆ ಫೋನು ಹಚ್ಚಿದ. ಬೇಡ ಅನ್ನುವ ಕಾನೂನು ಯಾವುದೂ ಇಲ್ಲವಂತೆ. ರೂಢಿ ಇರಲಿಲ್ಲ, ಅಷ್ಟೇ. ಮರುದಿನ ಚನ್ನಪ್ಪಣ್ಣ ಹೆಂಡತಿಯನ್ನು ಮುಂದೆ ಬಿಟ್ಟುಕೊಂಡು ಸಂಘಕ್ಕೆ ಬಂದು ಬಿಡುಗಡೆಗೆ ಸಹಿ ಹಾಕಿದ. ಈ ಸಲ ಪ್ರತಿಯೊಂದನ್ನೂ ಓದಿ ಹಾಕಿದ. ಓದುತ್ತ ಓದುತ್ತ ಆತನಿಗೇ ಬೆವರು ಬಂತು. ‘ಇವಗೂ ನಿಂತಿದ್ನೇನಲೇ? ನನ್ನ ಕಂಡ್ರ ರಾಮರಾಮ ಅನ್ನಂಗಿಲ್ಲ ಮಗಾ!’ ಎಂದು ನಡುನಡುವೆ ಉರಿದುಕೊಂಡ. ಹೊಲ ಇದ್ದ ಹೆಂಗಸರು ಹೊರಬಂದರು. ಅವರನ್ನು ನೋಡಿ ನಾಚಿಕೆ ಬಂದು ಗಂಡಸರೂ ಬಂದರು. ನಾನೂ ಒಬ್ಬಳಿಗೆ ನಿಂತೆ, ಆಕೆಯ ಕೊಟ್ಟಿಗೆಗೆ ಹೋಗಿ ಎಮ್ಮೆಯ ಹಲ್ಲು ನೋಡಿದ ಮೇಲೆ. ಮಳೆ ಬೀಳುವ ಹೊತ್ತಿಗೆ ಸಾಲ ಹೊರಬಿತ್ತು. ಕೆಲವರ ಬಿತ್ತಿಗೆ ಸ್ವಲ್ಪ ತಡವಾಯಿತು, ನನ್ನನ್ನು ಬೈದರು. ಬೈಯಲಿ.

ಈ ವರ್ಷ ಮೇಡಂ ನಮ್ಮಲ್ಲಿಗೆ ಬರುವುದಿಲ್ಲ, ಬೇರೆ ಕಡೆ ಅವಸರದ ಕೆಲಸವಿದೆ ಎಂದು ಹೇಳಿ ಕಳಿಸಿದ್ದಾಳೆ. ಶೇಖರನಿಗೆ ಬೇಸರ, ಆಕೆಗೆ ತೋರಿಸಬೇಕೆಂದು ಎಲ್ಲ ಒಪ್ಪ ಮಾಡಿಟ್ಟಿದ್ದನಂತೆ. ಡಾಕ್ಟರು ಮನೆಗೆ ಬರಲಿಲ್ಲ ಎಂದು ಅಳುವವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಇದನ್ನೆಲ್ಲ ಬರೆಯುತ್ತ ಕೂತಿರುವಾಗಲೇ ಚನ್ನಪ್ಪಣ್ಣ ಬಂದು ಹೊಸ್ತಿಲ ಹೊರಗೆ ನಿಂತ. ಒಳಗೆ ಬಾ ಎಂದರೂ ಬರಲೊಲ್ಲ. ಟವೆಲನ್ನು ಈ ಹೆಗಲಿಂದ ಆ ಹೆಗಲಿಗೆ ಹಾಕಿಕೊಂಡ.

‘ಹೊಲದಾಗ ಕೃಷಿ ಹೊಂಡ ತಗಸಬೇಕಂತ ಮಾಡೇನಿ, ತಂಗಿ. ಮೆಣಸಿನಕಾಯಿಗೆ ನಡುವ ಒಂದ ನೀರು ಕೊಟ್ರ ಸಾಕು ನೋಡು. ಊರಿಗೆಲ್ಲ ಜಾಮೀನು ಇದ್ದಾಗ ಹೊಲಾ ಅದಕ್ಕ ಸಿಕ್ಕೊಂಡಿತ್ತು, ನನಗ ಸಂಘದಾಗ ಸಾಲಾ ಹುಟ್ಟತಿರಲಿಲ್ಲ. ಈಗ ಕೊಡ್ತಾರಂತ. ಮತ್ತ...’

‘ಮತ್ತ?’

‘ನೀ ನನಗ ಜಾಮೀನು ನಿಂದರ್ತೀ ಏನು?’

ಇಷ್ಟು ವಯಸ್ಸಿಗೆ ಆತ ಯಾರ ಮುಂದೆಯೂ ಏನನ್ನೂ ಕೇಳಿದ್ದು ನಾನು ಕಂಡಿಲ್ಲ. ಹೂಂ ಎಂದುಬಿಡಬಹುದಿತ್ತು. ಎದ್ದು ಚಪ್ಪಲಿ ಮೆಟ್ಟಿಕೊಂಡೆ.

‘ಎಲ್ಲಿ ಹೊಂಟಿ?’

‘ನಿನ್ನ ಹೊಲಕ್ಕ. ನೋಡೇ ಹೇಳತೇನಿ.’

‘ಚನ್ನಪ್ಪನ ಹೊಲಾ ನೋಡಾಕ ಬರ್ತೀ ಏನ ಬೇ?’ ಎಂದ. ಸಿಟ್ಟು ಬರುತ್ತದೆಂದು ನಾನು ಕಾದೆ. ಆತ ತಿರುಗಿ ಮುಂದೆ ನಡೆದ.

ಬದುವಿನ ಮೇಲೆ ಆತ ಮುಂದೆ, ನಾನು ಹಿಂದೆ. ನೀರು ಯಾವ ಕಡೆಯಿಂದ ಇಳಿಯುತ್ತದೆ ಎಂದು ಕೇಳಿದೆ. ಕೈ ಚಾಚಿ ತೋರಿಸಿದ. ಹೊಂಡದ ಸುತ್ತ ತಂತಿಬೇಲಿ ಹಾಕಿಸುತ್ತೀಯಾ, ದನ ಬಿದ್ದರೆ ಏನು ಗತಿ ಎಂದೆ. ಹಾಕಿಸುತ್ತೇನೆ, ಅದನ್ನೂ ಹಿಡಿದೇ ಸಾಲ ಎಂದ. ಮೆಣಸಿನಕಾಯಿಯ ದರ ಬಿದ್ದರೆ ಸಾಲ ಹೇಗೆ ತುಂಬುತ್ತೀ ಎಂದೆ. ನಿಂತು ಯೋಚಿಸಿ, ಅರ್ಧ ಹೊಲಕ್ಕೆ ಕಡಲೆ ಹಾಕುತ್ತೇನೆ ಎಂದು ಉತ್ತರ ಕೊಟ್ಟ. ಹೊಲದ ತುದಿಗೆ ಬಂದಾಗ ಇಬ್ಬರಿಗೂ ದಮ್ಮು ಹತ್ತಿತ್ತು.

‘ಮುಗೀತೇನು? ಇನ್ನೂ ಏನರ ಕೇಳೂದೈತೇನು?’

‘ಐತಿ’ ಎಂದೆ. ‘ಸಂಘಕ್ಕ ಹೋಗೂಣು ನಡಿ. ಸಹಿ ಹಾಕತ ಕೇಳತೇನಿ.’