ನಾನು ಮುಚ್ಚದ ಬಿಲ

ನಿನ್ನೆ ಕೆಸರೆಯ ನಾದಿನಿ ಮನೆ ಬಾಗಿಲಲ್ಲೇ ಏಡಿ ಸಾರಿನ ವಾಸನೆ ಮೂಗಿಗೆ ಬಡಿಯಿತು.

ನಾನು ಚಿಕ್ಕವಳಿದ್ದಾಗ ನಮ್ಮೂರಲ್ಲಿ ಹಳ್ಳ ಉಕ್ಕಿ ಮನೆಗಳಿಗೆ ನುಗ್ಗದಿರಲೆಂದು ಕಟ್ಟಿದ ಸಣ್ಣ ಮಣ್ಣಿನ ಕಟ್ಟೆಯಿತ್ತು. ಅದನ್ನು ಕಾಯುತ್ತಿದ್ದ ಸಿದ್ದಮಾವ ದಿನಾ ಸಂಜೆ ಬರಿಗಾಲಲ್ಲಿ ಏರಿ ಮೇಲೆ ನಡೆದು, ಮಣ್ಣು ಸಡಿಲಾದ ಜಾಗವನ್ನು ಅಂಗಾಲಲ್ಲೇ ಕಂಡುಹಿಡಿಯೋರು. "ಏಡಿ ಹಿಡ್ಕೊ ಕಣವ್ವ, ಆದ್ರೆ ಬಿಲಕ್ಕೆ ಜೇಡಿಮಣ್ಣು ತುಂಬಿ ತುಳಿದ್ಬುಡು" ಅನ್ನೋರು. ನಾನೂ ಅವರ ಮಗಳು ಗೌರಿಯೂ ಹಾಗೇ ಮಾಡುತ್ತಿದ್ದೆವು.

ಒಂದಿನ ಸಂಜೆ ಒಬ್ಬಳೇ ಹೋಗಿದ್ದೆ. ಏರಿಯಲ್ಲಿ ತೋಳುದ್ದ ಬಿಲ ಅಗೆದು ದೊಡ್ಡ ಏಡಿ ಹಿಡಿದೆ. ಮಳೆ ಶುರುವಾಯಿತು, ನಾಳೆ ಮುಚ್ಚಿದರಾಯಿತು ಅಂತ ಓಡಿಬಂದೆ. ಅವ್ವ ಮಾಡಿದ ಸಾರನ್ನು ಬೆರಳು ನೆಕ್ಕಿ ಉಂಡೆ.

ಬೆಳಗಾಗುವಷ್ಟರಲ್ಲಿ ಕಟ್ಟೆ ಅದೇ ಜಾಗದಲ್ಲಿ ಒಡೆದಿತ್ತು. ಕೆಳಗಿನ ಮೊದಲ ಮನೆ ಸಿದ್ದಮಾವನದು. ಗೌರಿ ಮೂರನೇ ದಿನ ಸಿಕ್ಕಳು.

"ಜ್ವರ ಅಂತ ಅವತ್ತೊಂದಿನ ಏರಿ ಮೇಲೆ ನಡೀಲಿಲ್ಲ. ನಾನೇ ಕೊಂದ್ಬುಟ್ಟೆ ಕಣವ್ವ" ಅಂತ ಮಾವ ನನ್ನ ತಲೆ ಹಿಡಿದುಕೊಂಡು ಅತ್ತರು. ಸಾಯೋವರೆಗೂ ಹಾಗೇ ನಂಬಿದ್ದರು. ನಾನು ಬಾಯಿ ಬಿಡಲಿಲ್ಲ.

ನಿನ್ನೆ ನಾದಿನಿ ಸಾರು ಬಡಿಸಲು ಬಂದಳು. "ಏಡಿ ನಂಗೆ ಮೈಗಾಗಲ್ಲ ಕಣೇ" ಅಂದೆ. ಇಷ್ಟು ವರ್ಷ ಎಲ್ಲರಿಗೂ ಹೇಳಿದ್ದು ಅದನ್ನೇ.