ಚಾಚಿ ಇಳಿಸಿದ ಕಂದೀಲು

ಮೊನ್ನೆ ಕೌಲ್ ಬಜಾರಿನಲ್ಲಿ ಚರಂಡಿಯ ಹೂಳೆತ್ತಿ ರಸ್ತೆಗೆ ಸುರಿದಿದ್ದರು. ಕೊಳೆತ ಎಲೆ, ಹಳೇ ನೀರು... ಆ ಕಪ್ಪು ವಾಸನೆ ಮೂಗಿಗೆ ಬಡಿದದ್ದೇ ತಡ, ಕಾಲುಗಳು ನನ್ನನ್ನು ಕೇಳದೆಯೇ ಹಿಂದಕ್ಕೆ ಸರಿದವು. ಮೊದಲೇ ಹೇಳಿಬಿಡುತ್ತೇನೆ: ಆವತ್ತು ಬಾವಿಯಲ್ಲಿ ಆದದ್ದಕ್ಕೆ ಕಾರಣ ನನ್ನ ನಾಲಿಗೆ ಮತ್ತು ನನ್ನ ಅವಸರ. ಬೇರೆ ಯಾರನ್ನೂ ಬೈಯಬೇಕಾಗಿಲ್ಲ.

ನಾನಾಗ ಪಿಯುಸಿ ಫೇಲಾಗಿ ಮನೆಯಲ್ಲಿದ್ದೆ. ಬರುತ್ತಿದ್ದ ವಿದ್ಯೆ ಒಂದೇ, ಅಣಕ. ಅಪ್ಪನ ಕೆಮ್ಮು, ಮೂಲೆಮನೆ ಮಾವನ ತೆಲುಗು ಬೈಗುಳ, ಫಲಿತಾಂಶದ ಹಲಗೆಯ ಮುಂದೆ ನಿಂತ ನನ್ನದೇ ಪೆಚ್ಚು ಮುಖ, ಯಾವುದನ್ನೂ ಬಿಟ್ಟಿರಲಿಲ್ಲ. ಆದರೆ ವಠಾರದ ಮಂದಿ ಹೊಟ್ಟೆ ಹಿಡಿದು ನಗುತ್ತಿದ್ದದ್ದು ಪಕ್ಕದ ಮನೆಯ ಚಾಚಿಯನ್ನು ಅಣಕಿಸಿದಾಗ.

ವಠಾರಕ್ಕೆಲ್ಲ ಇದ್ದದ್ದು ಒಂದೇ ಸೇದೋ ಬಾವಿ. ಅದರ ಕಾವಲು ಚಾಚಿಯದು. ಯಾರೂ ಕೊಟ್ಟದ್ದಲ್ಲ, ಅವರೇ ತೆಗೆದುಕೊಂಡದ್ದು. ಕಟ್ಟೆಯ ಹತ್ತಿರ ಯಾರೂ ಬಟ್ಟೆ ಒಗೆಯುವಂತಿರಲಿಲ್ಲ. ಪಾತ್ರೆ ತೊಳೆದ ನೀರು ಬೇವಿನ ಬುಡಕ್ಕೇ ಹೋಗಬೇಕು. ಬೇಸಿಗೆಯಲ್ಲಿ ನೀರು ತಳ ಮುಟ್ಟಿದಾಗ ಎಲ್ಲ ಮನೆಯವರೂ ಸೇರಿ ಹೂಳು ತೆಗೆಯಬೇಕು. ಗಂಡಸರು ಇಳಿಯುತ್ತಿದ್ದರು, ಹೆಂಗಸರು ಹಗ್ಗ ಜಗ್ಗುತ್ತಿದ್ದರು, ಮಕ್ಕಳು ಹೂಳನ್ನು ಹೊತ್ತು ಗಿಡಗಳಿಗೆ ಹಾಕುತ್ತಿದ್ದರು.

ಆದರೆ ಮನುಷ್ಯನಿಗಿಂತ ಮೊದಲು ಚಾಚಿಯ ಕಂದೀಲು ಇಳಿಯಬೇಕು. ಅದು ಉರಿಯುತ್ತಲೇ ಮೇಲೆ ಬಂದರೆ ಕೆಳಗೆ ಉಸಿರಾಡುವ ಗಾಳಿ ಇದೆ ಎಂದರ್ಥ. ಊಟಕ್ಕೆ ಮೇಲೆ ಬಂದು ಮತ್ತೆ ಇಳಿಯುವುದಾದರೆ ಮತ್ತೆ ಕಂದೀಲು. ತವರಿನ ಬಾವಿಯಲ್ಲಿ ಅಣ್ಣನನ್ನು ಕಳೆದುಕೊಂಡವರು ಅವರು... ಹಗ್ಗ ಬಿಡುವಾಗ ಕೈ ನಡುಗುತ್ತಿತ್ತು. ಆ ನಡುಕವನ್ನೂ ನಾನು ಅಣಕಿಸುತ್ತಿದ್ದೆ.

ಆ ಬೇಸಿಗೆ ಇಳಿಯುವ ಸರದಿ ನನ್ನದು. ಬೆಳಿಗ್ಗೆ ಕಂದೀಲು ಉರಿಯುತ್ತಲೇ ಬಂತು, ಇಳಿದೆ. ತಳದಿಂದ ಮೂಲೆಮನೆ ಮಾವನ ದನಿ ತೆಗೆದು, "ಚಚ್ಚಾನ್ರಾ... ಸತ್ತ್ನೆಪ್ಪೋ!" ಎಂದು ಕೂಗಿದೆ. ಮೇಲೆ ನಗುವೋ ನಗು. ರೊಟ್ಟಿ ತಿಂದು ಬಂದಾಗ ಚಾಚಿ ಇನ್ನೂ ಒಳಗೆ ಕಂದೀಲಿಗೆ ಎಣ್ಣೆ ಹಾಕುತ್ತಿದ್ದರು. ನಾನು ಕಾಯಲಿಲ್ಲ. "ನಿಂದರ್ಲೇ, ಕಂದೀಲ ಹೋಗಿ ಬರ್ಲಿ!" ಎಂದು ಅವರ ದನಿಯಲ್ಲೇ ನನ್ನನ್ನು ನಾನು ಗದರಿಸಿಕೊಂಡು, ಸೊಂಟಕ್ಕೆ ಹಗ್ಗ ಬಿಗಿದು ಇಳಿದುಬಿಟ್ಟೆ.

ಸಲಿಕೆ ಹಾಕಿ ಹೂಳು ಕೆದಕಿದೆ. ಬುಳುಬುಳು ಗುಳ್ಳೆ ಎದ್ದವು. ಬಗ್ಗಿದವನಿಗೆ ಏಳಲಾಗಲಿಲ್ಲ. ಎದೆಯ ಮೇಲೆ ಯಾರೋ ಕುಂತ ಹಾಗೆ... ಕೈ ನನ್ನದಲ್ಲ, ಕಾಲು ನನ್ನದಲ್ಲ. ತಲೆ ಎತ್ತಿದರೆ ಆಕಾಶ ತಟ್ಟೆಯಷ್ಟಾಗಿತ್ತು.

"ಜಗ್ಗ್ರಿ... ಜಗ್ಗ್ರಿ!"

ಮೇಲೆ ಮತ್ತೆ ನಗು. "ಯಾರ ದನೀಲೇ ಇದು? ಸರಿ ಬರವಲ್ದು, ಇನ್ನೊಮ್ಮಿ ತಗಿ!" ಎಂದ ನನ್ನ ಗೆಳೆಯ.

ಅದು ನನ್ನದೇ ದನಿ. ಅದನ್ನು ಅವರ್ಯಾರೂ ಕೇಳಿರಲಿಲ್ಲ.

ಅಷ್ಟರಲ್ಲಿ ಮೇಲಿನಿಂದ ಒಂದು ಬೆಳಕು ಅಲುಗಾಡುತ್ತ ಇಳಿಯತೊಡಗಿತು. ಕಂದೀಲು. ನನ್ನ ಮುಖದ ಹತ್ತಿರ ಬಂತು. ಉರಿ ಕುಗ್ಗಿತು, ನೀಲಿಯಾಯಿತು, ಆರಿಹೋಯಿತು. ಆ ಕಪ್ಪು ಗಾಜನ್ನು ಕಂಡು ಹೆದರಿದಷ್ಟು ನಾನು ಯಾವತ್ತೂ ಹೆದರಿಲ್ಲ. ಮೇಲೆ ನಗು ಗಪ್ಪನೆ ನಿಂತಿತು.

"ಕಂದೀಲ ಆರೈತಿ! ಜಗ್ಗ್ರಲೇ! ಎಲ್ಲಾರೂ ಬರ್ರಿ, ಜಗ್ಗ್ರಿ!" ಚಾಚಿ ಚೀರಿದ್ದು ಕೇಳಿತು. ಆಮೇಲೆ ಸೊಂಟ ಮುರಿಯುವಂಥ ಎಳೆತ... ಮುಂದಿನದು ನೆನಪಿಲ್ಲ.

ಈಗ ಚಾಚಿ ಇಲ್ಲ. ನಲ್ಲಿ ಬಂದ ಮೇಲೆ ಬಾವಿ ಯಾರಿಗೆ ಬೇಕೆಂದು ನಾವೇ ಅದಕ್ಕೆ ಕಸ ಕಲ್ಲು ತುಂಬಿದೆವು. ಪಾತ್ರೆ ತೊಳೆದ ನೀರು ಚರಂಡಿ ಸೇರುತ್ತದೆ, ಬೇವು ಒಂದು ಮಗ್ಗುಲು ಒಣಗಿದೆ. ಗೆಳೆಯರು ಒತ್ತಾಯಿಸಿದರೆ ಚಾಚಿಯ ದನಿ ತೆಗೆಯಲು ಬಾಯಿ ತೆರೆಯುತ್ತೇನೆ. ಬರುವುದಿಲ್ಲ. ಅವರ ಮಾತು ಮಾತ್ರ ಹಾಗೇ ಉಳಿದಿದೆ.

ಆವತ್ತು ಬಾವಿಕಟ್ಟೆಯ ಪಕ್ಕ ಅಂಗಾತ ಬಿದ್ದುಕೊಂಡು, ಉಸಿರು ಮರಳಿದ ಮೇಲೆ ಕೇಳಿದ್ದೆ: "ಚಾಚಿ, ಎಲ್ಲಾರೂ ನಕ್ಕರು. ಇದು ನಾಟಕ ಅಲ್ಲಂತ ನಿಮಗ ಹೆಂಗ ಗೊತ್ತಾತ್ರಿ?"

"ನನಗೆಲ್ಲಿ ಗೊತ್ತಿತ್ತಲೇ? ನಾಟಕಾನ ಆಡಾಕತ್ತಾನ ಅಂತ ನಾನೂ ಬೈಕೋಂತನ ಕಂದೀಲ ತಂದೆ. ನಾಟಕ ಆಡೋರಿಗೂ ಗಾಳಿ ಬೇಕಲ್ಲ!"