ಗೋಮಾಳಕ್ಕೆ ಬೇಲಿ ಬಿದ್ದದ್ದು

ನಮ್ಮೂರಿನ ಗೋಮಾಳವನ್ನು ಏನು ಮಾಡಬೇಕೆಂದು ಊರಿನವರೇ ಕೂತು ತೀರ್ಮಾನಿಸಬೇಕು ಎಂದು ಪಂಚಾಯಿತಿಯವರು ಡಂಗುರ ಸಾರಿಸಿದಾಗ ಅವ್ವ ಹಿಗ್ಗಿಹೋದಳು. ಕೊಳ್ಳೇಗಾಲದ ಹೊಲಿಗೆ ಅಂಗಡಿಯಲ್ಲಿ ಕೆಲಸಕ್ಕಿದ್ದ ನನಗೆ ಪಕ್ಕದ ಮನೆಯ ಫೋನಿನಿಂದ ಕರೆದು, "ರಜ ಹಾಕ್ಬುಟ್ಟು ಬಾ ಕನಮ್ಮಿ, ನಮ್ಮಂತೋರ್ನೂ ಕೇಳ್ತಾರಂತೆ" ಎಂದಳು.

ಹನೂರಿನಿಂದ ಒಡೆಯರಪಾಳ್ಯದ ಕಡೆಗೆ ಹೋಗುವ ಬಸ್ಸಿನಲ್ಲಿ ನಡುವೆ ಇಳಿದು ಒಳಗೆ ನಡೆದರೆ ನಮ್ಮೂರು. ಅಪ್ಪ ಸತ್ತ ಮೇಲೆ ಅವ್ವ ನನ್ನನ್ನು ಬೆಳೆಸಿದ್ದು ಆಡುಗಳಿಂದ. ಕಾಡಿನ ಅಂಚಿಗೆ ಆನೆ ಕಂದಕ ತೋಡಿ, ಅರಣ್ಯದವರು ಒಳಗೆ ಬಿಡುವುದನ್ನು ನಿಲ್ಲಿಸಿದ್ದರು. ಆಡು ಮೇಯಲು ಉಳಿದಿದ್ದುದು ಆ ಗೋಮಾಳ ಒಂದೇ.

ಸಭೆ ಶಾಲೆಯ ಅಂಗಳದಲ್ಲಿ. ಒಬ್ಬ ಆಫೀಸರು, ಜೊತೆಗೆ ಡಬ್ಬಿಗಳಲ್ಲಿ ಬಣ್ಣದ ಪುಡಿ ಹಿಡಿದ ಒಬ್ಬ ಹುಡುಗಿ. ನಿಮ್ಮ ಊರಿನ ನಕ್ಷೆಯನ್ನು ನೀವೇ ನೆಲದ ಮೇಲೆ ಬರೆಯಿರಿ ಎಂದಳು ಆಕೆ. ಗಂಡಸರು ಕೆರೆ, ತೋಟ, ರಸ್ತೆ ಬರೆದರು. ಅವ್ವ ಕುಕ್ಕರಗಾಲಿನಲ್ಲಿ ಕೂತು, ರಂಗೋಲಿ ಎಳೆದಷ್ಟು ಸಲೀಸಾಗಿ, ನಮ್ಮ ಗುಡಿಸಲಿನಿಂದ ಗೋಮಾಳದವರೆಗೆ ಬಿಳಿ ಗೆರೆಯೊಂದನ್ನು ಎಳೆದಳು.

ಗೋಮಾಳದ ಪಕ್ಕದ ತೋಟದ ಯಜಮಾನರನ್ನು ನಾವೆಲ್ಲ ದೊಡ್ಡಯ್ಯ ಎನ್ನುತ್ತಿದ್ದೆವು. ಅವರು ಬಂದು ಆ ಗೆರೆಯನ್ನು ಚಪ್ಪಲಿಯಲ್ಲಿ ಉಜ್ಜಿದರು.

"ಆಡು ಓಗೋದ್ನೆಲ್ಲ ದಾರಿ ಅಂತ ಬರುದ್ರೆ ಇದು ಊರಾ?"

ಜನ ನಕ್ಕರು. ಅವ್ವ ಮತ್ತೆ ಎಳೆದಳು. ದೊಡ್ಡಯ್ಯ ಮತ್ತೆ ಉಜ್ಜಿದರು. ದಿನಾ ನಮ್ಮ ಮನೆಯಿಂದ ಆಡಿನ ಹಾಲು ಒಯ್ಯುತ್ತಿದ್ದ ಹೆಂಗಸು ಅವ್ವನ ಕೈಯಿಂದ ಡಬ್ಬಿ ಕಿತ್ತುಕೊಂಡು, "ಸಾಕು ಬುಡವ್ವ, ಪುಡಿ ದಂಡ" ಎಂದಳು. ಬಣ್ಣದ ಹುಡುಗಿ ಏನೋ ಹೇಳಲು ಹೋಗಿ, ಆಫೀಸರ ಮುಖ ನೋಡಿ ಡಬ್ಬಿಗಳ ಮುಚ್ಚಳ ಹಾಕತೊಡಗಿದಳು.

ಗುಡ್ಡದ ಮಣ್ಣು ಕೊಚ್ಚಿ ಬಂದು ಕೆರೆ ತುಂಬುತ್ತಿದೆ, ಗೋಮಾಳಕ್ಕೆ ಬೇಲಿ ಹಾಕಿ ಹೊಂಗೆ, ನೇರಳೆ ನೆಟ್ಟರೆ ಮುಂದಿನವರಿಗೆ ಉಳಿಯುತ್ತದೆ ಎಂದರು ದೊಡ್ಡಯ್ಯ. ಅದು ಸುಳ್ಳೇನೂ ಅಲ್ಲ. ಅವ್ವ ಎದ್ದು ನಿಂತಳು.

"ಸಾ, ಕಾಡ್ಗೂ ಬುಡಲ್ಲ ಅಂತೀರಿ. ಇಲ್ಲೂ ಬ್ಯಾಡ ಅಂದ್ರೆ ನನ್ನಾಡು ಎಲ್ಲಿಗ್ ಓಗ್ಬೇಕು? ಒಂದ್ ಮೂಲನಾರ ಬುಡಿ."

"ಸಂತಗ್ ಒಡ್ಕಂಡ್ ಓಗು, ಬಾಡಿನ್ ಅಂಗ್ಡಿಯೋರು ಜಾಗ ಕೊಡ್ತರೆ" ಎಂದರು ಹಿಂದಿನಿಂದ ಯಾರೋ. ಈ ಸಲ ಆಫೀಸರೂ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕರು.

ಒಪ್ಪಿಗೆ ಇರುವವರು ಕೈ ಎತ್ತಿ ಎಂದರು ಆಫೀಸರು. ಎಲ್ಲರೂ ಎತ್ತಿದರು. ಆಡು ಸಾಕಿದ್ದ ಕೆಳಗೇರಿಯ ಮುದುಕನೂ ಎತ್ತಿದ. ಗುಂಡಿ ತೋಡಲು ಅವನ ಮಗನಿಗೆ ಕೂಲಿ ಕೊಡುವುದಾಗಿ ದೊಡ್ಡಯ್ಯ ಮೊದಲೇ ಮಾತು ಕೊಟ್ಟಿದ್ದರು. ಎತ್ತದೆ ಉಳಿದವರು ಅವ್ವ ಮತ್ತು ನಾನು. ಇದು ನಿಮ್ಮೆಲ್ಲರ ತೀರ್ಮಾನ ಎಂದು ಆಫೀಸರು ಚಪ್ಪಾಳೆ ತಟ್ಟಿಸಿದರು. ಫೋಟೋಗೆ ಹೆಂಗಸರು ಮುಂದೆ ಬರಲಿ ಎಂದು ಅವ್ವನನ್ನೇ ಎಳೆದು ನಡುವೆ ನಿಲ್ಲಿಸಿದರು. ಅವಳು ಸೆರಗು ಸರಿಮಾಡಿಕೊಂಡು ನಿಂತಳು.

ಬೇಲಿ ಬಿದ್ದ ಮೇಲೆ ಆಡುಗಳನ್ನು ಗೂಟಕ್ಕೆ ಕಟ್ಟಿ ಸೊಪ್ಪು ತಂದು ಹಾಕಬೇಕಾಯಿತು. ಎಷ್ಟು ತಂದರೂ ಸಾಲದೆ ಅವು ಅರಚುತ್ತಲೇ ಇದ್ದವು. ಒಂದು ಗಬ್ಬದ ಆಡು ಹಗ್ಗ ಕಿತ್ತುಕೊಂಡು ಬೇಲಿ ನುಸುಳಿತು. ಅದು ಕಾಲು ಮುರಿಸಿಕೊಂಡು ತೆವಳುತ್ತಾ ಮನೆಗೆ ಬಂದಿತಂತೆ. ಯಾರು ಹೊಡೆದರೆಂದು ಅವ್ವ ಕೇಳಲು ಹೋಗಲಿಲ್ಲ. ಮರಿ ಹೊಟ್ಟೆಯಲ್ಲೇ ಸತ್ತು, ಆಮೇಲೆ ಆಡೂ ಸತ್ತಿತು. ಮಿಕ್ಕವನ್ನು ಸಂತೆಗೆ ಹೊಡೆದುಕೊಂಡು ಹೋದಳು.

ಆಮೇಲೆ ಗಿಡ ಕಾಯುವ ಕೆಲಸಕ್ಕೆ ದೊಡ್ಡಯ್ಯ ಅವಳನ್ನೇ ಕರೆದರು. "ಆಡು ಎಲ್ಲೆಲ್ಲಿ ನುಗ್ತದೆ ಅಂತ ಇವಳ್ಗೇ ಗೊತ್ತಿರೋದು" ಎಂದರಂತೆ. ಅವಳು ಒಪ್ಪಿದಳು.

ಹಬ್ಬಕ್ಕೆಂದು ನಾನು ಊರಿಗೆ ಹೋದಾಗ ಅವ್ವ ಮನೆಯಲ್ಲಿರಲಿಲ್ಲ. ಗೋಮಾಳಕ್ಕೆ ಹೋದೆ. ಕೆಳಗೇರಿಯ ಮುದುಕನ ಆಡೊಂದು ಬೇಲಿಯೊಳಗೆ ಸಿಕ್ಕಿಬಿದ್ದಿತ್ತು. ಅವ್ವ ಬಿದಿರು ಕೋಲಿನಿಂದ ಅದರ ಬೆನ್ನಿಗೆ ಬಾರಿಸುತ್ತಿದ್ದಳು. ಬೇಲಿಯಾಚೆ ಮುದುಕ ಕೈ ಮುಗಿದಿದ್ದ.

"ಅಕ್ಕಾ, ಬುಟ್ಬುಡಕ್ಕ. ಬಾಯಿಲ್ದ ಪ್ರಾಣಿ."

"ನಿಂಗಿತ್ತಲ್ಲ ಬಾಯಿ!" ಎಂದು ಅವ್ವ ಇನ್ನೊಂದು ಬಿಟ್ಟಳು. ಆಡಿನ ಹಿಂಗಾಲು ಕುಸಿಯಿತು. ನಾನು ಓಡಿಹೋಗಿ ಕೋಲು ಹಿಡಿದುಕೊಂಡೆ. ಅವಳು ನನ್ನನ್ನು ಗುರುತೇ ಇಲ್ಲದವಳಂತೆ ನೋಡಿ, ಕೋಲು ಕಿತ್ತುಕೊಂಡಳು. ಮುದುಕ ಒಳಗೆ ಬಂದು, ಆಡನ್ನು ಹೆಗಲ ಮೇಲೆ ಹಾಕಿಕೊಂಡು ಹೋದ.

ನನ್ನ ಜೊತೆ ಕೊಳ್ಳೇಗಾಲಕ್ಕೆ ಬಂದುಬಿಡು ಎಂದು ದಾರಿಯುದ್ದಕ್ಕೂ ಹೇಳಿದೆ. "ಗಿಡ ಯಾರ್ ನೋಡೋರು?" ಎಂದಳು. ಮನೆಗೆ ಬಂದು ಕೈಕಾಲು ತೊಳೆದು, ಮುದ್ದೆ ಕಟ್ಟಿ, ನನಗೂ ಹಾಕಿ ತಾನೂ ಕೂತಳು. ಬಹಳ ಹಸಿದಿದ್ದವಳಂತೆ ಉಂಡಳು.